ಐದು ರನ್ನಿನ ಲೆಕ್ಕ: 2017-18ರ ರಣಜಿಯಲ್ಲಿ ಕರ್ನಾಟಕ ಸೋತದ್ದು ಯಾವಾಗ?

2017ರ ಡಿಸೆಂಬರ್ 21, ಗುರುವಾರ. ತಿಂಡಿ ತಟ್ಟೆ ಮುಂದಿತ್ತು, ಕಣ್ಣು ಮಾತ್ರ ಮೊಬೈಲಿನ ಮೇಲೆ. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಕರ್ನಾಟಕ ಮತ್ತು ವಿದರ್ಭ ನಡುವಿನ ರಣಜಿ ಸೆಮಿಫೈನಲ್‌ನ ಐದನೇ ದಿನ. ಗೆಲ್ಲಲು 87 ರನ್ ಬೇಕು, ಕೈಯಲ್ಲಿ ಮೂರು ವಿಕೆಟ್. ಅದರಲ್ಲಿ 81 ರನ್ ಬಂದವು. ಇನ್ನು ಐದು ಬಂದಿದ್ದರೆ ಸ್ಕೋರು ಸಮ, ಆರು ಬಂದಿದ್ದರೆ ಗೆಲುವು. ಕೊನೆಯ ವಿಕೆಟ್ ಬಿತ್ತು ಅಂತ ಪರದೆ ಮೇಲೆ ಬಂದಾಗ ಒಂದೆರಡು ಸಲ ರಿಫ್ರೆಶ್ ಮಾಡಿ ನೋಡಿದೆ. ಬದಲಾಗಲಿಲ್ಲ. 192ಕ್ಕೆ ಆಲೌಟ್, ಐದು ರನ್ ಸೋಲು.

ಈ ಪಂದ್ಯದ ಬಗ್ಗೆ ಮಾತು ಬಂದಾಗಲೆಲ್ಲ ಕೊನೆಯ ಬೆಳಗ್ಗೆಯದೇ ಕಥೆ. ನಮ್ಮ ಬೌಲರ್‌ಗಳಾದ ಮಿಥುನ್ ಆ ಹೊಡೆತ ಹೊಡೆಯಬಾರದಿತ್ತು, ಅರವಿಂದ್ ಇನ್ನೊಂದು ಓವರ್ ನಿಲ್ಲಬೇಕಿತ್ತು ಅಂತ. ನನಗೆ ಅದು ಸರಿ ಅನ್ನಿಸುವುದಿಲ್ಲ. ಆ ಬೆಳಗ್ಗೆ ಬಾಲಂಗೋಚಿಗಳು, ಅಂದರೆ ಕೊನೆಯಲ್ಲಿ ಬ್ಯಾಟ್ ಮಾಡುವ ಬೌಲರ್‌ಗಳು, ಮಾಡಿದ್ದು ತಮ್ಮ ಪಾಲಿಗಿಂತ ಜಾಸ್ತಿ. ಪಂದ್ಯ ಕೈಬಿಟ್ಟದ್ದು ಅದಕ್ಕೂ ಮುಂಚೆ. ಎರಡನೇ ಇನಿಂಗ್ಸ್‌ನಲ್ಲಿ ವಿದರ್ಭ ಆಡುತ್ತಿದ್ದಾಗ ಕರ್ನಾಟಕ ಬಾಗಿಲು ಹಾಕಲಿಲ್ಲ. ಇದು ನಮ್ಮ ತಂಡಕ್ಕೆ ಹಳೆಯ ಕಾಯಿಲೆ. ಮೈಸೂರಿನಲ್ಲಿ ಒಮ್ಮೆ ಇದೇ ಆಗಿತ್ತು. ಅಲ್ಲಿಗೂ ಬರುತ್ತೇನೆ. ಮೊದಲು ಆ ಋತು ಹೇಗಿತ್ತು ಅಂತ ನೋಡೋಣ.

ಕರ್ನಾಟಕ ಈಡನ್‌ಗೆ ಬಂದ ದಾರಿ

ಆ ವರ್ಷ 28 ತಂಡಗಳು, ತಲಾ ಏಳರ ನಾಲ್ಕು ಗುಂಪು. ಪ್ರತಿ ತಂಡಕ್ಕೆ ಲೀಗ್‌ನಲ್ಲಿ ಆರೇ ಪಂದ್ಯ. ಗುಂಪಿನಲ್ಲಿ ಮೊದಲ ಎರಡು ಸ್ಥಾನ ಪಡೆದವರು ಕ್ವಾರ್ಟರ್‌ಫೈನಲ್‌ಗೆ. ಕರ್ನಾಟಕ 'ಎ' ಗುಂಪಿನಲ್ಲಿತ್ತು. ದೆಹಲಿ, ಮಹಾರಾಷ್ಟ್ರ, ರೈಲ್ವೇಸ್, ಹೈದರಾಬಾದ್, ಉತ್ತರ ಪ್ರದೇಶ, ಅಸ್ಸಾಂ ಜೊತೆಗೆ. ಆರರಲ್ಲಿ ನಾಲ್ಕು ಗೆದ್ದು, ಎರಡು ಡ್ರಾ ಮಾಡಿಕೊಂಡು ಗುಂಪಿನಲ್ಲಿ ಮೊದಲಿಗರಾದರು. ತವರಿನ ಪಂದ್ಯಗಳು ಮೈಸೂರು, ಶಿವಮೊಗ್ಗ, ಆಲೂರಿನಲ್ಲಿ ನಡೆದವು. ರಾಜಧಾನಿ ಬಿಟ್ಟು ಹೊರಗೆ ಹೀಗೆ ರಣಜಿ ಆಡಿಸುವುದು ನಮ್ಮ ರಾಜ್ಯದ ಕ್ರಿಕೆಟ್ ಸಂಸ್ಥೆಯ ಒಳ್ಳೆಯ ಅಭ್ಯಾಸ. ಶಿವಮೊಗ್ಗದ ನವುಲೆ ಮೈದಾನದಲ್ಲಿ ಬೌಂಡರಿ ಹಗ್ಗದ ಪಕ್ಕ ಕೂತು ದಿನಪೂರ್ತಿ ಆಟ ನೋಡುವ ಶಾಲಾ ಹುಡುಗನಿಗೆ ಸಿಗುವುದು ಟಿವಿಯಲ್ಲಿ ಸಿಗುವುದಿಲ್ಲ.

ಆ ಋತು ಮಯಾಂಕ್ ಅಗರ್‌ವಾಲ್ ಅವರದು. ಆರಂಭ ಅಷ್ಟೇನೂ ಚೆನ್ನಾಗಿರಲಿಲ್ಲ. ನವೆಂಬರ್ ಬಂದದ್ದೇ ಬಂತು, ಪುಣೆಯಲ್ಲಿ ಮಹಾರಾಷ್ಟ್ರದ ಮೇಲೆ ಔಟಾಗದೆ 304. ಆಮೇಲೆ ನಿಲ್ಲಲೇ ಇಲ್ಲ. ಆ ಒಂದೇ ತಿಂಗಳಲ್ಲಿ 1,000ಕ್ಕಿಂತ ಹೆಚ್ಚು ರನ್. ಋತು ಮುಗಿದಾಗ ಅವರ ಲೆಕ್ಕ 1,160, ದೇಶಕ್ಕೇ ಮೊದಲು.

ಡಿಸೆಂಬರ್‌ನ ಕ್ವಾರ್ಟರ್‌ಫೈನಲ್ ನಾಗ್ಪುರದಲ್ಲಿ, ಎದುರಾಳಿ ಮುಂಬೈ. ಅಲ್ಲಿ ನಾಯಕ ವಿನಯ್ ಕುಮಾರ್ ಹ್ಯಾಟ್ರಿಕ್ ತೆಗೆದರು. ತಮ್ಮ ಮೊದಲ ಓವರಿನ ಕೊನೆಯ ಎಸೆತಕ್ಕೆ ಪೃಥ್ವಿ ಶಾ, ಮತ್ತೆ ಚೆಂಡು ಕೈಗೆ ಬಂದಾಗ ಮೊದಲ ಎರಡು ಎಸೆತಕ್ಕೆ ಇನ್ನಿಬ್ಬರು. 34 ರನ್‌ಗೆ 6 ವಿಕೆಟ್. ಮುಂಬೈ 173. ಉತ್ತರವಾಗಿ ಕರ್ನಾಟಕ 570, ಶ್ರೇಯಸ್ ಗೋಪಾಲ್ ಔಟಾಗದೆ 150. ಇನಿಂಗ್ಸ್ ಮತ್ತು 20 ರನ್ ಗೆಲುವು. ನಾಗ್ಪುರದಿಂದ ಹೊರಟ ಆ ತಂಡವನ್ನು ನೋಡಿದ ಯಾರಿಗಾದರೂ ಒಂಬತ್ತನೇ ರಣಜಿ ಕಪ್ ಬೆಂಗಳೂರಿಗೆ ಬಂತು ಅಂತಲೇ ಅನ್ನಿಸಿತ್ತು. ನನಗಂತೂ ಅನ್ನಿಸಿತ್ತು.

ವಿದರ್ಭ ಅಂದರೆ ಯಾರು?

1950ರ ದಶಕದಿಂದ ರಣಜಿ ಆಡುತ್ತಿರುವ ತಂಡ. ಅಲ್ಲಿಯವರೆಗೆ ಒಮ್ಮೆಯೂ ಫೈನಲ್ ಮುಟ್ಟಿರಲಿಲ್ಲ. ನಾಗ್ಪುರ, ಅಕೋಲ, ಅಮರಾವತಿ ಕಡೆಯ ಹುಡುಗರು. ಮುಂಬೈ, ಮಹಾರಾಷ್ಟ್ರ ಅನ್ನುವ ಎರಡು ದೊಡ್ಡ ಹೆಸರುಗಳ ನೆರಳಲ್ಲಿ ಬೆಳೆದವರು. ಆ ಋತುವಿಗೆ ಅವರು ಚಂದ್ರಕಾಂತ್ ಪಂಡಿತ್ ಅವರನ್ನು ಕೋಚ್ ಆಗಿ ಕರೆತಂದರು. ಶಿಸ್ತು ಅಂದರೆ ಶಿಸ್ತು ಅನ್ನುವ ಮನುಷ್ಯ. ಪಂಡಿತ್ ಅವರಿಗೂ ಕರ್ನಾಟಕಕ್ಕೂ ಹಳೆಯ ಲೆಕ್ಕವೊಂದಿದೆ. 1999ರಲ್ಲಿ ಚಿನ್ನಸ್ವಾಮಿಯಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಮಧ್ಯಪ್ರದೇಶದ ನಾಯಕ ಇವರೇ. ಕರ್ನಾಟಕ ಗೆದ್ದಿತ್ತು, ಇವರು ಬರಿಗೈಲಿ ವಾಪಸ್ ಹೋಗಿದ್ದರು. 2022ರಲ್ಲಿ ಅದೇ ಚಿನ್ನಸ್ವಾಮಿಯಲ್ಲಿ, ಅದೇ ಮಧ್ಯಪ್ರದೇಶಕ್ಕೆ ಕೋಚ್ ಆಗಿ ಕಪ್ ಗೆಲ್ಲಿಸಿಕೊಟ್ಟರು.

ನಾಯಕ ಫೈಜ್ ಫಜಲ್ ಆ ಋತುವಿನಲ್ಲಿ 912 ರನ್ ಹೊಡೆದರು. ಗುಂಪಿನಲ್ಲಿ ವಿದರ್ಭವೇ ಮೊದಲು. ಸೂರತ್‌ನಲ್ಲಿ ನಡೆದ ಕ್ವಾರ್ಟರ್‌ಫೈನಲ್‌ನಲ್ಲಿ ಕೇರಳವನ್ನು 412 ರನ್‌ಗಳಿಂದ ಸೋಲಿಸಿ ಬಂದಿದ್ದರು. ಆದರೆ ನನ್ನ ಗಮನ ಹೋಗುವುದು ಹೊರಗಿನಿಂದ ಬಂದ ಇಬ್ಬರು ಅತಿಥಿ ಆಟಗಾರರ ಕಡೆ.

ಒಬ್ಬರು ವಸೀಂ ಜಾಫರ್. ಮುಂಬೈ ಪರ ಎಂಟು ಸಲ ರಣಜಿ ಗೆದ್ದವರು. ಇನ್ನೊಬ್ಬರು ಗಣೇಶ್ ಸತೀಶ್, ನಮ್ಮ ದಾವಣಗೆರೆಯವರು. ಕರ್ನಾಟಕದ ನಾಯಕತ್ವವನ್ನೂ ಮಾಡಿದ್ದವರು. 2014ರ ಹೈದರಾಬಾದ್ ಫೈನಲ್‌ನಲ್ಲಿ ಮಹಾರಾಷ್ಟ್ರದ ಮೇಲೆ ಅವರು ಹೊಡೆದ 117 ರನ್, ಕೆ.ಎಲ್. ರಾಹುಲ್ ಅವರ 131 ಸೇರಿಯೇ ಹದಿನೈದು ವರ್ಷಗಳ ಬರ ನೀಗಿಸಿದ್ದು. ಅದಾದ ಮೇಲೆ ಅವರು ವಿದರ್ಭಕ್ಕೆ ಹೋದರು. ಕರ್ನಾಟಕದ ಬ್ಯಾಟಿಂಗ್ ಸಾಲಿನಲ್ಲಿ ಆಗ ಎಷ್ಟು ನೂಕುನುಗ್ಗಲು ಅಂದರೆ, ಫೈನಲ್‌ನಲ್ಲಿ ಶತಕ ಹೊಡೆದವನಿಗೂ ಜಾಗ ಖಾತ್ರಿ ಇರಲಿಲ್ಲ. ಈಡನ್‌ನಲ್ಲಿ ಅವರಿಗೆ ಚೆಂಡು ಹಾಕಿದವರು ವಿನಯ್ ಕುಮಾರ್. ಅವರೂ ದಾವಣಗೆರೆಯವರೇ. ಒಂದೇ ಊರಿನ ಇಬ್ಬರು, ಸುಮಾರು ಸಾವಿರ ಮೈಲಿ ದೂರದ ಕೋಲ್ಕತ್ತದಲ್ಲಿ, ಬೇರೆ ಬೇರೆ ಟೋಪಿ ಹಾಕಿಕೊಂಡು ಎದುರುಬದುರು.

ಪಂದ್ಯ

ಆ ಪಿಚ್ ಬಗ್ಗೆ ಒಂದು ಮಾತು. ಒಂದು ತಿಂಗಳ ಹಿಂದೆ ಅಷ್ಟೇ ಅದೇ ಈಡನ್‌ನಲ್ಲಿ ಭಾರತ ಮತ್ತು ಶ್ರೀಲಂಕಾ ಟೆಸ್ಟ್ ನಡೆದಿತ್ತು. ಪಂದ್ಯದ ಮೊದಲ ಎಸೆತಕ್ಕೇ ಕೆ.ಎಲ್. ರಾಹುಲ್ ಔಟ್. ಮೊದಲ ದಿನ ಸುರಂಗ ಲಕ್ಮಲ್ ಆರು ಓವರ್ ಹಾಕಿ, ಒಂದೂ ರನ್ ಕೊಡದೆ ಮೂರು ವಿಕೆಟ್ ಕಿತ್ತಿದ್ದರು. ಭಾರತ 172ಕ್ಕೆ ಮುಗಿದಿತ್ತು. ಈಡನ್ ಅಂದರೆ ಸ್ಪಿನ್ ಅನ್ನುವ ಕಾಲ ಹೋಗಿತ್ತು. ಹುಲ್ಲು, ಚಳಿಗಾಲದ ಬೆಳಗಿನ ತೇವ, ಸಂಜೆ ಐದರೊಳಗೆ ಮುಳುಗುವ ಸೂರ್ಯ. ವೇಗಿಗಳಿಗೆ ಹಬ್ಬ.

ಹಾಗಾಗಿ ಟಾಸ್ ಗೆದ್ದ ವಿನಯ್ ಬೌಲಿಂಗ್ ಆರಿಸಿಕೊಂಡದ್ದು ಸರಿಯೇ. ಅಭಿಮನ್ಯು ಮಿಥುನ್ 45 ರನ್‌ಗೆ 5 ವಿಕೆಟ್ ತೆಗೆದರು. ವಿದರ್ಭ 185ಕ್ಕೆ ಆಲೌಟ್. ಈ 185ರಲ್ಲಿ ಆದಿತ್ಯ ಸರವಟೆ ಅನ್ನುವ ಎಡಗೈ ಸ್ಪಿನ್ನರ್, ಕೆಳಗಿನ ಕ್ರಮಾಂಕದಲ್ಲಿ ಬಂದು, 47 ಹೊಡೆದಿದ್ದರು. ಎಲ್ಲರಿಗಿಂತ ಹೆಚ್ಚು. ಈ ಹೆಸರು ನೆನಪಿಟ್ಟುಕೊಳ್ಳಿ.

ಕರ್ನಾಟಕದ ಉತ್ತರ 301. ಬೇಗ ಮೂರು ವಿಕೆಟ್ ಹೋದ ಮೇಲೆ ಕರುಣ್ ನಾಯರ್ ಮತ್ತು ಸಿ.ಎಂ. ಗೌತಮ್ ನಿಂತರು. ಕರುಣ್ 153, ಗೌತಮ್ 73. ಆ ಪಿಚ್ ಮೇಲೆ 153 ಅಂದರೆ ಸಾಮಾನ್ಯ ಮಾತಲ್ಲ. ಎರಡೂ ತಂಡಗಳ ನಾಲ್ಕೂ ಇನಿಂಗ್ಸ್ ನೋಡಿದರೆ ಇನ್ನೊಂದು ಶತಕ ಇಲ್ಲ. ಈಗ ಒಂದು ಸಣ್ಣ ಲೆಕ್ಕ. 301ರಲ್ಲಿ ಈ ಇಬ್ಬರದೇ 226. ಉಳಿದ ಒಂಬತ್ತು ಮಂದಿ, ಇತರೆ ರನ್ ಎಲ್ಲಾ ಸೇರಿ 75. ಸಿಕ್ಕ ಮುನ್ನಡೆ 116. ಮೂರನೆಯವರೊಬ್ಬರು ಅರ್ಧಶತಕ ಹೊಡೆದಿದ್ದರೆ ಮುನ್ನಡೆ 150 ದಾಟುತ್ತಿತ್ತು, ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಮುಗಿಯದಂತೆ ನೋಡಿಕೊಂಡದ್ದು ವಿದರ್ಭದ ವೇಗಿ ರಜನೀಶ್ ಗುರ್ಬಾನಿ. 94 ರನ್‌ಗೆ 5. ಉಮೇಶ್ ಯಾದವ್ ನಾಲ್ಕು ವಿಕೆಟ್ ತೆಗೆದರು.

ರಣಜಿ ನಾಕೌಟ್‌ನ ನಿಯಮ ಗೊತ್ತಲ್ವಾ? ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರು ಮುಂದಕ್ಕೆ. ಅಂದರೆ 116 ರನ್ ಮುನ್ನಡೆ ಸಿಕ್ಕ ಗಳಿಗೆಯಿಂದ ಕರ್ನಾಟಕಕ್ಕೆ ಎರಡು ದಾರಿ, ವಿದರ್ಭಕ್ಕೆ ಒಂದೇ. ಅವರು ಗೆಲ್ಲಲೇಬೇಕು. ಕೇಳುವುದಕ್ಕೆ ಇದು ನಮಗೆ ಅನುಕೂಲ. ಆದರೆ ಇಂಥ ಅನುಕೂಲ ಒಮ್ಮೊಮ್ಮೆ ಕೈಕಾಲು ಸಡಿಲ ಮಾಡುತ್ತದೆ. ಮುನ್ನಡೆ ಇರುವ ತಂಡ ರನ್ ಉಳಿಸಲು ನೋಡುತ್ತದೆ. ಸ್ಲಿಪ್‌ನಿಂದ ಒಬ್ಬನನ್ನು ತೆಗೆದು ಕವರ್‌ಗೆ ನಿಲ್ಲಿಸುತ್ತದೆ. ಮುಂದೆ ಇರುವುದು ನಾವೇ ತಾನೇ ಅನ್ನುವ ಭಾವ ಮೈದಾನದ ತುಂಬ ಹರಡುತ್ತದೆ. ಈಡನ್‌ನಲ್ಲಿ ಹಾಗೇ ಆಯಿತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ಎರಡನೇ ಇನಿಂಗ್ಸ್‌ನಲ್ಲಿ ವಿದರ್ಭ ಹೊಡೆದದ್ದು 313. ಮೊದಲ ಸಲಕ್ಕಿಂತ 128 ಜಾಸ್ತಿ, ಅದೇ ಬೌಲರ್‌ಗಳ ಎದುರು.

ಆ 313ರಲ್ಲಿ ಗಣೇಶ್ ಸತೀಶ್ 81. ಸ್ಕೋರ್‌ಕಾರ್ಡಿನಲ್ಲಿ ಅದೊಂದು ಅಂಕಿ ಅಷ್ಟೇ. ಕರ್ನಾಟಕದ ಬೌಲರ್‌ಗಳನ್ನು ಅವರಷ್ಟು ಬಲ್ಲವರು ವಿದರ್ಭದಲ್ಲಿ ಬೇರೆ ಯಾರಿದ್ದರು? ವಿನಯ್ ಅವರ ಔಟ್‌ಸ್ವಿಂಗ್ ಎಲ್ಲಿ ತಿರುಗುತ್ತದೆ, ಮಿಥುನ್ ಗುಡ್‌ಲೆಂತ್‌ನಿಂದ ಎಷ್ಟು ಎಬ್ಬಿಸುತ್ತಾರೆ, ಅರವಿಂದ್ ಎಡಗೈಯಿಂದ ಒಳಕ್ಕೆ ತರುವುದು ಯಾವಾಗ ಅನ್ನುವುದನ್ನೆಲ್ಲ ವರ್ಷಗಟ್ಟಲೆ ನೆಟ್ಸ್‌ನಲ್ಲಿ ಆಡಿ ಕಲಿತವರು. ಮೊದಲ ಸಲ ವಿದರ್ಭದವರು ಆಡಲಾಗದೆ ಪರದಾಡಿದ ಚೆಂಡುಗಳನ್ನು ಅವರು ಸುಮ್ನೆ ಬಿಟ್ಟರು. ಬಿಡುವುದೂ ಆಟವೇ. ಇನ್ನೊಂದು ಕಡೆ ಅಪೂರ್ವ್ ವಾಂಖಡೆ 49 ಹೊಡೆದರು.

ಇಷ್ಟಾದರೂ ನಾಲ್ಕನೇ ದಿನ ಬೆಳಗ್ಗೆ ಪಂದ್ಯ ಕರ್ನಾಟಕದ ಕೈಯಲ್ಲೇ ಇತ್ತು ಅನ್ನುವುದು ನನ್ನ ನಂಬಿಕೆ. ಕೆಳಗಿನ ಕ್ರಮಾಂಕವನ್ನು ಬೇಗ ಮುಗಿಸಿದ್ದರೆ ಗುರಿ 150ರ ಆಸುಪಾಸು. ಮುಗಿಸಲಿಲ್ಲ. ಮತ್ತೆ ಆದಿತ್ಯ ಸರವಟೆ. ಈ ಸಲ 55. ಎರಡು ಇನಿಂಗ್ಸ್ ಸೇರಿ 102 ರನ್, ಎರಡೂ ಸಲ ಮೇಲಿನವರು ಹೋದ ಮೇಲೆ ಹೊಡೆದವು. ಐದು ರನ್‌ಗಳಿಂದ ಮುಗಿದ ಪಂದ್ಯದಲ್ಲಿ ಬೌಲರ್ ಅಂತ ಬಂದವನೊಬ್ಬ ನೂರಾ ಎರಡು ರನ್ ಹೊಡೆದು ಹೋದ. ಕೊನೆಯ ದಿನ ಮಿಥುನ್ ಹೊಡೆತದ ಬಗ್ಗೆ ಬೇಜಾರು ಮಾಡಿಕೊಳ್ಳುವ ಮೊದಲು ಈ 102ನ್ನು ನೋಡಬೇಕು.

ಗುರಿ 198.

ನಾಲ್ಕನೇ ದಿನದ ಸಂಜೆ

198 ದೊಡ್ಡದಲ್ಲ. ಆದರೆ ಆ ಪಿಚ್‌ನಲ್ಲಿ, ಆ ಬೆಳಕಿನಲ್ಲಿ ಚಿಕ್ಕದೂ ಅಲ್ಲ. ತಿಂಗಳಿಗೆ ಸಾವಿರ ರನ್ ಹೊಡೆದ ಮಯಾಂಕ್ ಈ ಪಂದ್ಯದಲ್ಲಿ ಎರಡೂ ಸಲ ಬೇಗ ಹೊರಟರು. ಋತುಪೂರ್ತಿ ಒಬ್ಬರ ಬೆನ್ನ ಮೇಲೆ ಬಂದ ತಂಡಕ್ಕೆ ಆ ಬೆನ್ನು ಸಿಗದ ದಿನ ಹೇಗಿರುತ್ತದೆ ಅನ್ನುವುದು ಅವತ್ತು ಕಂಡಿತು. ಕರುಣ್ 30ಕ್ಕೆ ಔಟಾದರು. ಉಳಿದವರಲ್ಲಿ ಕ್ರೀಸ್‌ನಲ್ಲಿ ಕಾಲೂರಿದವರೂ ಉಳಿಯಲಿಲ್ಲ.

ಗುರ್ಬಾನಿ ಏನು ಮಾಡುತ್ತಿದ್ದರು ಅಂತ ಸ್ವಲ್ಪ ಹತ್ತಿರದಿಂದ ನೋಡಿದರೆ, ಹೊಸದೇನೂ ಇಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿದ, 24 ವಯಸ್ಸಿನ ಹುಡುಗ. ವೇಗ ಭಯಂಕರ ಅಲ್ಲ. ಬೌನ್ಸರ್ ಹಾಕಿ ಹೆದರಿಸುವುದಿಲ್ಲ. ಚೆಂಡನ್ನು ಮುಂದಕ್ಕೆ ಹಾಕುವುದು, ಬ್ಯಾಟರ್ ಡ್ರೈವ್‌ಗೆ ಕೈ ಚಾಚುವಂತೆ ಮಾಡುವುದು, ಕೊನೆಯ ಗಳಿಗೆಯಲ್ಲಿ ಚೆಂಡು ಒಂದಿಷ್ಟು ಹೊರಳುವುದು. ಬಿಟ್ಟರೆ ಗೂಟ, ಆಡಿದರೆ ಅಂಚು. ಇದನ್ನೇ ಒಂದು ಓವರ್ ಅಲ್ಲ, ಒಂದು ಸ್ಪೆಲ್ ಅಲ್ಲ, ಐದು ದಿನ ಮಾಡುವುದು ಕಷ್ಟ. ಉಮೇಶ್ ಯಾದವ್ ಇನ್ನೊಂದು ತುದಿಯಿಂದ ವೇಗವಾಗಿ ಹಾಕುತ್ತಿದ್ದರು. ಬ್ಯಾಟರ್‌ಗಳ ಎಚ್ಚರವೆಲ್ಲ ಅವರ ಮೇಲೆ. ವಿಕೆಟ್ ಬೀಳುತ್ತಿದ್ದದ್ದು ಈ ಕಡೆಯಿಂದ.

ದಿನದಾಟ ಮುಗಿದಾಗ 7 ವಿಕೆಟ್‌ಗೆ 111.

ಆ ಸಂಜೆಯ ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಅದೇ ಡಿಸೆಂಬರ್ 20ರ ರಾತ್ರಿ, ಪಕ್ಕದ ರಾಜ್ಯದ ಕಟಕ್‌ನಲ್ಲಿ ಭಾರತ ಮತ್ತು ಶ್ರೀಲಂಕಾ ಟಿ20 ಪಂದ್ಯ. ಕೆ.ಎಲ್. ರಾಹುಲ್ 61 ಹೊಡೆದರು. ಮನೀಶ್ ಪಾಂಡೆ ಔಟಾಗದೆ 32. ಭಾರತ 93 ರನ್‌ಗಳಿಂದ ಗೆದ್ದಿತು. ಕರ್ನಾಟಕದ ಇಬ್ಬರು ಮುಖ್ಯ ಬ್ಯಾಟರ್‌ಗಳು ರೈಲಿನಲ್ಲಿ ಕೆಲವೇ ಗಂಟೆ ದೂರದಲ್ಲಿ ರನ್ ಹೊಡೆಯುತ್ತಿದ್ದ ಹೊತ್ತಿಗೆ, ಅವರ ರಾಜ್ಯದ ತಂಡ ಕೋಲ್ಕತ್ತದ ಹೋಟೆಲಿನಲ್ಲಿ 87 ರನ್ ಎಲ್ಲಿಂದ ತರುವುದು ಅಂತ ಕೂತಿತ್ತು. ಅತ್ತ ಉಮೇಶ್ ಯಾದವ್ ಆ ಟಿ20 ತಂಡದಲ್ಲಿ ಇರಲಿಲ್ಲ, ಹಾಗಾಗಿ ವಿದರ್ಭಕ್ಕೆ ಸಿಕ್ಕಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ದೇಶದ ಪರ ಆಡುವುದೇ ಎಲ್ಲರ ಗುರಿ. ಆದರೆ ದೇಶದ ದೊಡ್ಡ ದೇಶೀಯ ಟೂರ್ನಿಯ ಸೆಮಿಫೈನಲ್ ನಡೆಯುವ ಐದು ದಿನ ಟಿ20 ಸರಣಿ ಇಡದಂತೆ ವೇಳಾಪಟ್ಟಿ ಮಾಡಲು ಬರುವುದಿಲ್ಲವೇ ಅಂತ ನಾನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ. ಒಳ್ಳೆಯ ಆಟಗಾರರನ್ನು ಜಾಸ್ತಿ ಬೆಳೆಸಿದ ರಾಜ್ಯವೇ ಜಾಸ್ತಿ ಕಳೆದುಕೊಳ್ಳುತ್ತದೆ.

ಕೊನೆಯ ಬೆಳಗ್ಗೆ

ವಿನಯ್ ಕುಮಾರ್ ಮತ್ತು ಶ್ರೇಯಸ್ ಗೋಪಾಲ್ ಕ್ರೀಸ್‌ಗೆ ಬಂದರು. ವಿನಯ್ 36ಕ್ಕೆ ಔಟ್. ಕರ್ನಾಟಕದ ಆ ಇನಿಂಗ್ಸ್‌ನಲ್ಲಿ ಅದೇ ಅತಿ ಹೆಚ್ಚು. ನಾಯಕ, ಬೌಲರ್, ಕೊನೆಗೆ ಬ್ಯಾಟಿಂಗ್‌ನಲ್ಲೂ ಅವರೇ ಮುಂದು. ಎಂಟು ವಿಕೆಟ್ ಹೋದ ಮೇಲೆ ಮಿಥುನ್ ಬಂದರು. ಬಂದವರೇ ಬೀಸಿದರು. ಆ ಪಿಚ್‌ನಲ್ಲಿ ಕಾದು ಕೂತರೆ ಯಾವುದೋ ಒಂದು ಚೆಂಡು ನಮ್ಮ ಹೆಸರು ಬರೆಸಿಕೊಂಡು ಬಂದೇ ಬರುತ್ತದೆ, ಅದಕ್ಕೂ ಮೊದಲು ರನ್ ಕೂಡಿಸೋಣ ಅನ್ನುವ ಲೆಕ್ಕ. ಸರಿಯಾದ ಲೆಕ್ಕವೇ. ಇನ್ನೊಂದು ಕಡೆ ಶ್ರೇಯಸ್ ತಣ್ಣಗೆ ನಿಂತಿದ್ದರು. ನಾನು ಇಡ್ಲಿ ಮರೆತು ಕೂತಿದ್ದೆ. 60 ಬೇಕು ಅನ್ನುವುದು 40ಕ್ಕೆ ಇಳಿಯಿತು, 20ಕ್ಕೆ ಇಳಿಯಿತು. ಮಿಥುನ್ 33ಕ್ಕೆ ಔಟಾದಾಗ ಗೆಲುವಿಗೆ ಒಂದಂಕಿ ರನ್ ಸಾಕಿತ್ತು.

ಕೊನೆಯವರು ಶ್ರೀನಾಥ್ ಅರವಿಂದ್. ಇನ್ನು ಎರಡು ಬೌಂಡರಿ ಸಾಕು ಅನ್ನುವ ಸ್ಥಿತಿ. ಗುರ್ಬಾನಿ ಮತ್ತೆ ಅದೇ ಉದ್ದಕ್ಕೆ ಹಾಕಿದರು, ಅರವಿಂದ್ ಕ್ಯಾಚ್ ಕೊಟ್ಟರು. ಶ್ರೇಯಸ್ 24ರಲ್ಲಿ ಔಟಾಗದೆ ಉಳಿದರು. ಆ ಬೆಳಗಿನ ಮೂರೂ ವಿಕೆಟ್ ಗುರ್ಬಾನಿಗೇ. ಇನಿಂಗ್ಸ್‌ನಲ್ಲಿ 68ಕ್ಕೆ 7, ಪಂದ್ಯದಲ್ಲಿ 162ಕ್ಕೆ 12.

ಶ್ರೇಯಸ್ ಸ್ಟ್ರೈಕ್ ತಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕಿತ್ತು ಅನ್ನುವವರಿದ್ದಾರೆ. ಇರಬಹುದು. ಆದರೆ ಮೊದಲ ಏಳು ಬ್ಯಾಟರ್‌ಗಳಲ್ಲಿ ಒಬ್ಬರೂ 36 ಮುಟ್ಟದ ಇನಿಂಗ್ಸ್‌ನಲ್ಲಿ, ಎಂಟನೇ ಮತ್ತು ನಂತರದ ಕ್ರಮಾಂಕದವರು ಸೇರಿ ಸೋಲನ್ನು ಐದು ರನ್‌ವರೆಗೆ ತಂದು ನಿಲ್ಲಿಸಿದರು. ಅವರನ್ನು ದೂರುವುದು ನ್ಯಾಯವಲ್ಲ.

ಮೈಸೂರಿನ ನೆರಳು

ಈಗ ಮೈಸೂರಿಗೆ. 2010ರ ಜನವರಿ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ, ರಣಜಿ ಫೈನಲ್, ಎದುರಾಳಿ ಮುಂಬೈ. ಮೈದಾನದಲ್ಲಿ ಜಾಗ ಸಾಲದೆ ಜನ ಮರ ಹತ್ತಿ ಕೂತಿದ್ದರು. ಮುಂಬೈ 233, ಕರ್ನಾಟಕ 130. ಎರಡನೇ ಇನಿಂಗ್ಸ್‌ನಲ್ಲಿ ಮುಂಬೈ 51ಕ್ಕೆ 5. ಪಂದ್ಯ ಪೂರ್ತಿ ತಿರುಗಿತ್ತು. ಆಗ ಧವಳ್ ಕುಲಕರ್ಣಿ ಅನ್ನುವ ಬೌಲರ್ 87 ಹೊಡೆದರು. ಮುಂಬೈ 234ಕ್ಕೆ ಹೋಯಿತು. ಗುರಿ 338. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75. ಕರ್ನಾಟಕ 331. ಆರು ರನ್ ಸೋಲು.

ಎರಡೂ ಸ್ಕೋರ್‌ಕಾರ್ಡ್ ಪಕ್ಕಪಕ್ಕ ಇಟ್ಟು ನೋಡಿ. ಮೈಸೂರಿನಲ್ಲಿ ಕುಲಕರ್ಣಿ, ಈಡನ್‌ನಲ್ಲಿ ಸರವಟೆ. ಎರಡೂ ಕಡೆ ಎದುರಾಳಿಯ ಎರಡನೇ ಇನಿಂಗ್ಸ್‌ನಲ್ಲಿ, ಮುಖ್ಯ ಬ್ಯಾಟರ್‌ಗಳು ಹೋದ ಮೇಲೆ, ಒಬ್ಬ ಬೌಲರ್ ಬ್ಯಾಟು ಹಿಡಿದು ನಿಂತ. ಎರಡೂ ಕಡೆ ಕರ್ನಾಟಕ ಕೊನೆಯಲ್ಲಿ ಒಂದು ಹೊಡೆತದಷ್ಟು ಹಿಂದೆ ಉಳಿಯಿತು. ಎರಡೂ ಸಲ ನಾವು ಮಾತಾಡಿದ್ದು ಬೆನ್ನಟ್ಟಿದ ಇನಿಂಗ್ಸ್ ಬಗ್ಗೆ, ಬಿಟ್ಟುಕೊಟ್ಟ ಇನಿಂಗ್ಸ್ ಬಗ್ಗೆ ಅಲ್ಲ.

ಆಟಗಾರರನ್ನೂ ನೋಡಿ. ವಿನಯ್, ಮಿಥುನ್, ಗೌತಮ್ ಎರಡೂ ಸೋಲಿನಲ್ಲಿ ಕರ್ನಾಟಕದ ಕಡೆ. ಮೈಸೂರಿನಲ್ಲಿ ಮುಂಬೈ ನಾಯಕ ವಸೀಂ ಜಾಫರ್, ಈಡನ್‌ನಲ್ಲಿ ಅವರೇ ವಿದರ್ಭದ ಹಿರಿಯ. ಗಣೇಶ್ ಸತೀಶ್ ಮಾತ್ರ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಮೈಸೂರಿನಲ್ಲಿ ಆರು ರನ್‌ಗಳಿಂದ ಸೋತು ಹೊರಬಂದ ಹುಡುಗ, ಸುಮಾರು ಎಂಟು ವರ್ಷ ಬಿಟ್ಟು ಐದು ರನ್‌ಗಳಿಂದ ಗೆದ್ದ ತಂಡದಲ್ಲಿದ್ದ. ಅವತ್ತು ಅವರ ಮನಸ್ಸಿನಲ್ಲಿ ಏನಿತ್ತೋ ಅಂತ ಆಗಾಗ ಯೋಚಿಸುತ್ತೇನೆ.

ತಂಡದ ಕೋಣೆಯಲ್ಲಿ ನನಗೊಂದು ಕುರ್ಚಿ ಸಿಕ್ಕರೆ ಹೇಳುವುದು ಇಷ್ಟೇ. ಮುನ್ನಡೆ ಸಿಕ್ಕ ಮೇಲೂ ಎರಡು ಸ್ಲಿಪ್ ಇರಲಿ. ಎಂಟನೇ ಕ್ರಮಾಂಕದವನಿಗೆ ಸಿಂಗಲ್ ಕೊಟ್ಟು ಹತ್ತನೆಯವನನ್ನು ಹಿಡಿಯುವ ಆಟ ಬೇಡ. ಎಂಟನೆಯವನನ್ನೇ ಔಟ್ ಮಾಡುವ ಯೋಚನೆ ಇರಲಿ. ನೆಟ್ಸ್‌ನಲ್ಲಿ ಬಾಲಂಗೋಚಿಗಳಿಗೆ ಬೌಲಿಂಗ್ ಮಾಡುವುದನ್ನೂ ಕಲಿಸಬೇಕು, ಅದು ಬೇರೆಯದೇ ವಿದ್ಯೆ.

ಆಮೇಲೆ

ವಿದರ್ಭ ಇಂದೋರ್‌ನ ಹೋಳ್ಕರ್ ಮೈದಾನಕ್ಕೆ ಹೋಯಿತು, ಎದುರಾಳಿ ದೆಹಲಿ. ಉಮೇಶ್ ಯಾದವ್ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೋಗಿದ್ದರು. ಈ ಸಲ ಆಟಗಾರನನ್ನು ಕಳೆದುಕೊಳ್ಳುವ ಸರದಿ ವಿದರ್ಭದ್ದು. ಗುರ್ಬಾನಿ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಧ್ರುವ್ ಶೋರಿ 145 ಹೊಡೆದು ದೆಹಲಿಯನ್ನು ಎತ್ತಿದ್ದರು. ಆ ಶೋರಿ ಸೇರಿದಂತೆ ಮೂವರನ್ನು ಸತತ ಎಸೆತಗಳಲ್ಲಿ ಬೌಲ್ಡ್ ಮಾಡಿ ಹ್ಯಾಟ್ರಿಕ್. ರಣಜಿ ಫೈನಲ್‌ನಲ್ಲಿ ಅದು ಎರಡನೆಯದು. ಮೊದಲನೆಯದು 1972-73ರಲ್ಲಿ ತಮಿಳುನಾಡಿನ ಕಲ್ಯಾಣಸುಂದರಂ ಅವರದು. ದೆಹಲಿ 295, ವಿದರ್ಭ 547. ಅಕ್ಷಯ್ ವಾಡ್ಕರ್ 133. 2018ರ ಜನವರಿ 1ರಂದು ವಿದರ್ಭ ಒಂಬತ್ತು ವಿಕೆಟ್‌ಗಳಿಂದ ಗೆದ್ದಿತು. ಮೊದಲ ಕಪ್. ಮುಂದಿನ ವರ್ಷ ಮತ್ತೆ ಗೆದ್ದರು. ಹಾಗಾಗಿ ಇದು ಅದೃಷ್ಟ ಅನ್ನುವವರ ಮಾತಿಗೆ ಬೆಲೆ ಉಳಿಯಲಿಲ್ಲ. ನಮ್ಮನ್ನು ಸೋಲಿಸಿದ್ದು ಚಾಂಪಿಯನ್ ತಂಡ.

ಕರ್ನಾಟಕ ಎರಡು ತಿಂಗಳಲ್ಲಿ ವಿಜಯ್ ಹಜಾರೆ ಟ್ರೋಫಿ ಗೆದ್ದುಕೊಂಡಿತು. ಮಯಾಂಕ್ ಅಲ್ಲಿ 723 ರನ್ ಹೊಡೆದರು. ವರ್ಷದ ಕೊನೆಗೆ ಮೆಲ್ಬರ್ನ್‌ನಲ್ಲಿ ಟೆಸ್ಟ್ ಟೋಪಿಯೂ ಸಿಕ್ಕಿತು. ರಣಜಿ ಕಪ್ ಮಾತ್ರ ಆ ಋತುವಿನಲ್ಲಿ ಕೈತಪ್ಪಿದ್ದು ತಪ್ಪಿದ್ದೇ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. 2025ರ ಫೆಬ್ರವರಿ ಕೊನೆಯಲ್ಲಿ ನಾಗ್ಪುರದಲ್ಲಿ ರಣಜಿ ಫೈನಲ್, ವಿದರ್ಭ ಮತ್ತು ಕೇರಳ. ಕೇರಳದ ಪರ ಆದಿತ್ಯ ಸರವಟೆ 79 ಹೊಡೆದರು. ಹೌದು, ಅದೇ ಸರವಟೆ, ಈಗ ಅತಿಥಿ ಆಟಗಾರನಾಗಿ ತವರಿನ ತಂಡದ ಎದುರು. ವಿದರ್ಭದ ಪರ 86 ಮತ್ತು 135 ಹೊಡೆದವರು ಕರುಣ್ ನಾಯರ್. ಕರ್ನಾಟಕದಲ್ಲಿ ಜಾಗ ಸಿಗದೆ ಹೋದ ಅದೇ ಕರುಣ್, ಈಡನ್‌ನಲ್ಲಿ 153 ಹೊಡೆದೂ ಸೋತವರು. ಪಂದ್ಯ ಡ್ರಾ. ವಿದರ್ಭ 37 ರನ್‌ಗಳ ಮೊದಲ ಇನಿಂಗ್ಸ್ ಮುನ್ನಡೆಯಿಂದ ಮೂರನೇ ಸಲ ಕಪ್ ಎತ್ತಿತು. ಕರುಣ್ ಶತಕ ಮುಟ್ಟಿದಾಗ ಮನೆಯಲ್ಲಿ ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.